ಏಕವಚನ ಮತ್ತು ಬಹುವಚನ ಮಾರ್ಗಗಳು (ರೂಬಿ ಆನ್ ರೈಲ್ಸ್)
ರೂಬಿ ಆನ್ ರೈಲ್ಸ್‌ನಲ್ಲಿ ವೆಬ್ ವಿಳಾಸಗಳನ್ನು ಕಂಟ್ರೋಲರ್‌ಗೆ ಜೋಡಿಸುವ ಎರಡು ಬಗೆಗಳು. ‘ರಿಸೋರ್ಸಸ್’ ಎಂದು ಬಹುವಚನದಲ್ಲಿ ಬರೆದರೆ ಪಟ್ಟಿ ತೋರಿಸುವುದರಿಂದ ಹಿಡಿದು ಅಳಿಸುವವರೆಗೆ 7 ಕ್ರಿಯೆಗಳಿಗೆ ದಾರಿಯಾಗುತ್ತದೆ. ಯಾವ ದಾಖಲೆ ಎಂಬುದನ್ನು ವಿಳಾಸದಲ್ಲಿರುವ ಐಡಿ ಹೇಳುತ್ತದೆ. ‘ರಿಸೋರ್ಸ್’ ಎಂಬ ಏಕವಚನದಲ್ಲಿ ಪಟ್ಟಿಯೂ ಇಲ್ಲ, ಐಡಿಯೂ ಇಲ್ಲ. ಉಳಿಯುವುದು 6 ಕ್ರಿಯೆ. ಲಾಗಿನ್ ಆದವರು ತಮ್ಮದೇ ಪ್ರೊಫೈಲ್ ತೆರೆಯುವಾಗ ವಿಳಾಸ ‘/ಪ್ರೊಫೈಲ್’ ಎಂದಷ್ಟೇ ಇದ್ದರೆ ಸಾಕು, ಅದು ಯಾರದೆಂಬುದು ಸೆಷನ್‌ನಿಂದ ತಿಳಿಯುತ್ತದೆ. ಹೊಸಬರು ಎಡವುವುದು ಇಲ್ಲಿಯೇ: ಮಾರ್ಗ ಏಕವಚನವಾದರೂ ಕಂಟ್ರೋಲರ್‌ನ ಹೆಸರು ಬಹುವಚನದಲ್ಲೇ, ‘ಪ್ರೊಫೈಲ್ಸ್ ಕಂಟ್ರೋಲರ್’ ಎಂದಿರಬೇಕು. ಒಂದೇ ಕಂಟ್ರೋಲರ್ ಎರಡೂ ಬಗೆಯ ಮಾರ್ಗಗಳಿಗೆ ಒದಗಲೆಂಬ ಈ ಏರ್ಪಾಡು ವಿವೇಕದ್ದೇ. ಏಕವಚನ ಮಾರ್ಗಕ್ಕೆ ಕಳುಹಿಸುವ ಫಾರ್ಮ್‌ನ ತೊಡಕು ಬೇರೆ: ರೈಲ್ಸ್ ಅಲ್ಲಿ ತಾನಾಗಿ ಬಹುವಚನದ ಮಾರ್ಗವನ್ನೇ ಹುಡುಕುತ್ತದೆ. ಇದನ್ನು ಸರಿಪಡಿಸುವ ‘ರಿಸಾಲ್ವ್’ ಎಂಬ ವಿಧಾನ ಬಂದದ್ದು 2017ರ 5.1 ಆವೃತ್ತಿಯಲ್ಲಿ.