ಹಳೆಯ ತಂಡಗಳ ಹೊಸ ಆಲ್ಬಮ್‌ಗಳು: ಕರ್ನಾಟಕದ ರಾಕ್ ಸಂಗೀತದ ಮೌಲ್ಯಮಾಪನಕ್ಕೊಂದು ಜಾನಪದೀಯ ನೆಲೆ

1

ಹೆಸರು ಮಾಡಿದ ರಾಕ್ ತಂಡವೊಂದು ತನ್ನ ಎರಡನೆಯ, ಮೂರನೆಯ ಅಥವಾ ಏಳನೆಯ ಆಲ್ಬಮ್ಮನ್ನು ಹೊರತಂದಾಗ ಕೇಳುಗ ವಲಯದಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಆಕ್ಷೇಪಗಳು ಕೇಳಿಬರುತ್ತವೆ. ‘ಇದು ಮೊದಲಿನಂತಿಲ್ಲ’ ಎಂಬುದು ಒಂದು. ‘ಇದು ಮೊದಲಿನಂತೆಯೇ ಇದೆ’ ಎಂಬುದು ಇನ್ನೊಂದು. ಒಂದಕ್ಕೊಂದು ವಿರುದ್ಧವಾದ ಈ ಮಾತುಗಳು ಒಂದೇ ಆಲ್ಬಮ್ಮಿನ ಬಗೆಗೆ, ಕೆಲವೊಮ್ಮೆ ಒಬ್ಬನೇ ವಿಮರ್ಶಕನಿಂದ ಬರುವುದುಂಟು. ಬದಲಾವಣೆಯೂ ದೋಷ, ನಿರಂತರತೆಯೂ ದೋಷ ಎನ್ನುವ ಈ ಇಕ್ಕಟ್ಟು ಹೇಗೆ ಹುಟ್ಟಿತು, ಮೌಖಿಕ ಪರಂಪರೆಗಳ ಅಧ್ಯಯನದಿಂದ ದೊರೆತ ಪರಿಕಲ್ಪನೆಗಳು ಇದನ್ನು ಬಿಡಿಸಬಲ್ಲವೆ ಎಂಬುದು ಪ್ರಸ್ತುತ ಲೇಖನದ ವಿಚಾರ. ಕರ್ನಾಟಕದ ತಂಡಗಳನ್ನೇ ಇಲ್ಲಿ ಮುಖ್ಯವಾಗಿ ಆಧಾರವಾಗಿಟ್ಟುಕೊಳ್ಳಲಾಗಿದೆ. ಈ ತಂಡಗಳಲ್ಲಿ ಕೆಲವು ತತ್ವಪದ, ಜನಪದ ಲಯ ಹಾಗೂ ಕೀರ್ತನೆಗಳನ್ನು ತಮ್ಮ ಸಂಗೀತದ ಮೂಲದ್ರವ್ಯವಾಗಿಸಿಕೊಂಡಿರುವುದರಿಂದ ಈ ಪ್ರಶ್ನೆ ಜಾನಪದ ವಿದ್ವಾಂಸರಿಗೂ ಸಂಬಂಧಿಸಿದ್ದಾಗಿದೆ.

2

ಮೊದಲಿಗೆ ‘ಆಲ್ಬಮ್’ ಎಂಬ ಘಟಕದ ಚರಿತ್ರೆಯನ್ನು ಗಮನಿಸಬೇಕು. 1948ರಲ್ಲಿ ಕೊಲಂಬಿಯಾ ಕಂಪನಿಯು ದೀರ್ಘವಾದನದ ಗ್ರಾಮಫೋನ್ ತಟ್ಟೆಯನ್ನು ಮಾರುಕಟ್ಟೆಗೆ ತಂದ ಮೇಲೆ ಒಂದೊಂದು ಮಗ್ಗುಲಿನಲ್ಲಿ ಇಪ್ಪತ್ತು ನಿಮಿಷಕ್ಕೂ ಹೆಚ್ಚಿನ ಸಂಗೀತವನ್ನು ಅಡಕಗೊಳಿಸುವುದು ಸಾಧ್ಯವಾಯಿತು. 1967ರಲ್ಲಿ ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ ಬಂದ ಬಳಿಕ ರಾಕ್ ಸಂಗೀತದಲ್ಲಿ ಆಲ್ಬಮ್ಮನ್ನು ಬಿಡಿ ಹಾಡುಗಳ ಕಟ್ಟೆಂದು ನೋಡದೆ ಇಡಿಯಾದ ಕೃತಿಯೆಂದು ನೋಡುವ ರೂಢಿ ಬಲಗೊಂಡಿತು. ಪ್ರೋಗ್ರೆಸಿವ್ ರಾಕ್ ಈ ರೂಢಿಯನ್ನು ತುದಿಗೊಯ್ದಿತು. ಜೆಥ್ರೋ ಟಲ್ ತಂಡವು 1972ರ ‘ಥಿಕ್ ಆ್ಯಸ್ ಎ ಬ್ರಿಕ್’ನಲ್ಲಿ ತಟ್ಟೆಯ ಎರಡೂ ಮಗ್ಗುಲುಗಳನ್ನು ಒಂದೇ ರಚನೆಗೆ ಮೀಸಲಿಟ್ಟಿತು. ಹಾರ್ಡ್ ರಾಕ್‌ನಲ್ಲಿ ಡೀಪ್ ಪರ್ಪಲ್ ತಂಡದ 1970ರ ‘ಇನ್ ರಾಕ್’ ಮುಂದಿನವರಿಗೆ ಮಾದರಿಯಾಯಿತು. ಹೀಗೆ ಪ್ರತಿ ತಂಡಕ್ಕೂ ಒಂದು ‘ಶ್ರೇಷ್ಠ ಕಾಲ’ ನಿಗದಿಯಾಗಿ, ಅದರ ಮುಂದಿನ ಕೃತಿಗಳೆಲ್ಲ ಆ ಕಾಲದ ನೆರಳಿನಲ್ಲಿ ಅಳೆಯಲ್ಪಡತೊಡಗಿದವು. 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದ ಐರನ್ ಮೇಡನ್ 2021ರಲ್ಲಿ ‘ಸೆಂಜುತ್ಸು’ವನ್ನೂ, ಅದೇ ಮೈದಾನಕ್ಕೆ 2011ರಲ್ಲಿ ಬಂದ ಮೆಟಾಲಿಕಾ 2023ರಲ್ಲಿ ‘72 ಸೀಸನ್ಸ್’ ಅನ್ನೂ ಹೊರತಂದಾಗ ಅವುಗಳ ಎದುರಿಗೆ ಇರಿಸಲಾದದ್ದು 1980ರ ದಶಕದ ಅವುಗಳವೇ ಕೃತಿಗಳನ್ನು.

ಕನ್ನಡದಲ್ಲಿ ಚರಿತ್ರೆ ಬೇರೆ ಹಾದಿ ಹಿಡಿಯಿತು. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಸಂಗೀತ ಸಂಯೋಜಿಸಿದ ‘ನಿತ್ಯೋತ್ಸವ’ದಿಂದ ಭಾವಗೀತೆಯ ಧ್ವನಿಸುರುಳಿಗಳ ಕಾಲ ಆರಂಭವಾಯಿತು. ಧ್ವನಿಸುರುಳಿಯ ಮೇಲೆ ಕವಿಯ ಹೆಸರು, ಸಂಯೋಜಕರ ಹೆಸರು, ಗಾಯಕರ ಹೆಸರು ಇರುತ್ತಿದ್ದವು. ‘ತಂಡ’ವೆಂಬ ಸಾಮೂಹಿಕ ಕರ್ತೃವಿಗೆ ಅಲ್ಲಿ ಎಡೆಯಿರಲಿಲ್ಲ. ಕೇಳುಗರು ‘ಬೇಂದ್ರೆಯವರ ಪದ’ ಅಥವಾ ‘ಅಶ್ವತ್ಥರ ದನಿ’ ಎಂದು ಗುರುತಿಸುತ್ತಿದ್ದರೇ ಹೊರತು ಒಂದು ತಂಡವು ಆಲ್ಬಮ್ಮಿನಿಂದ ಆಲ್ಬಮ್ಮಿಗೆ ಬೆಳೆದ ಬಗೆಯನ್ನು ಹಿಂಬಾಲಿಸುವ ಅಗತ್ಯ ಒದಗಿರಲಿಲ್ಲ. ಹೀಗಾಗಿ ರಾಕ್ ತಂಡಗಳು ಬಂದಾಗ ಅವುಗಳ ವಿಮರ್ಶೆಗೆ ಬೇಕಾದ ಪರಿಭಾಷೆ ಕನ್ನಡದಲ್ಲಿ ಸಿದ್ಧವಿರದೆ, ಇಂಗ್ಲಿಷಿನ ಅಳತೆಗೋಲನ್ನೇ ಎರವಲು ಪಡೆಯಬೇಕಾಯಿತು.

3

ಆ ಅಳತೆಗೋಲು ನಮ್ಮ ತಂಡಗಳಿಗೆ ಎಷ್ಟರ ಮಟ್ಟಿಗೆ ಒಗ್ಗುತ್ತದೆ ಎಂಬುದನ್ನು ಮೂರು ಬಗೆಯ ಉದಾಹರಣೆಗಳಿಂದ ನೋಡಬಹುದು.

1998ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಕ್ರಿಪ್ಟಾಸ್ ತಂಡವು 2004ರ ‘ಸ್ಪೈರಲ್ ಅಸೆಂಟ್’ನಿಂದ 2024ರ ‘ಡೆಸಿಮೇಟರ್’ವರೆಗೆ ಏಳು ಆಲ್ಬಮ್‌ಗಳನ್ನು ನೀಡಿದೆ. 1980ರ ದಶಕದ ಹೆವಿ ಮೆಟಲ್ ಶೈಲಿಯನ್ನು, ಅದರ ಜೋಡಿ ಗಿಟಾರುಗಳ ಸಂವಾದವನ್ನು ತಂಡವು ಬುದ್ಧಿಪೂರ್ವಕವಾಗಿ ಉಳಿಸಿಕೊಂಡು ಬಂದಿದೆ. ‘ಮೊದಲಿನಂತೆಯೇ ಇದೆ’ ಎಂಬ ಆಕ್ಷೇಪಕ್ಕೆ ಇಂಥ ತಂಡ ಸುಲಭವಾಗಿ ಗುರಿಯಾಗುತ್ತದೆ.

1996ರಲ್ಲಿ ಆರಂಭವಾದ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ ತಂಡದ್ದು ಇನ್ನೊಂದು ಬಗೆ. 2002ರ ‘ಜುಪಿಟರ್ ಕೆಫೆ’, 2005ರ ‘ಪ್ಲ್ಯಾನ್ ಬಿ’, 2008ರ ‘ದಿಸ್ ಈಸ್ ಇಟ್’ಗಳ ನಂತರ 2012ರಲ್ಲಿ ಮೂರು ಸಾಂದ್ರಮುದ್ರಿಕೆಗಳ, 28 ಹಾಡುಗಳ ‘3 ವೀಲ್ಸ್ 9 ಲೈವ್ಸ್’ ಬಂದಿತು. 2020ರಲ್ಲಿ ‘ಎ ವರ್ಲ್ಡ್ ಗಾನ್ ಮ್ಯಾಡ್’. ಜಾಜ್, ಬ್ಲೂಸ್, ಫಂಕ್ ಎಂದು ನಡೆಯನ್ನು ಬದಲಿಸುತ್ತಲೇ ಇರುವ ಈ ತಂಡ ಹಾಡುವುದು ಇಂಗ್ಲಿಷಿನಲ್ಲಾದರೂ ತನ್ನದನ್ನು ‘ಬೆಂಗಳೂರು ರಾಕ್’ ಎಂದು ಕರೆದುಕೊಂಡಿದೆ. ಇಲ್ಲಿ ಸ್ಥಿರವಾಗಿರುವುದು ಶೈಲಿಗಿಂತ ಹೆಚ್ಚಾಗಿ ಊರು.

ಮೂರನೆಯದು ಅಗಂ. ತನ್ನದು ಕರ್ನಾಟಕ ಸಂಗೀತದ ಪ್ರೋಗ್ರೆಸಿವ್ ರಾಕ್ ಎಂದು ಹೇಳಿಕೊಳ್ಳುವ ಬೆಂಗಳೂರಿನ ಈ ತಂಡ 2012ರಲ್ಲಿ ‘ದಿ ಇನ್ನರ್ ಸೆಲ್ಫ್ ಅವೇಕನ್ಸ್’, 2017ರಲ್ಲಿ ‘ಎ ಡ್ರೀಮ್ ಟು ರಿಮೆಂಬರ್’, 2025ರಲ್ಲಿ ‘ಅರೈವಲ್ ಆಫ್ ದಿ ಈಥೀರಿಯಲ್’ ಆಲ್ಬಮ್‌ಗಳನ್ನು ಹೊರತಂದಿತು. ತ್ಯಾಗರಾಜರ ‘ಮನವ್ಯಾಳಕಿಂಚ’, ದೀಕ್ಷಿತರ ‘ರಂಗಪುರವಿಹಾರ’ದಂಥ ರಚನೆಗಳು ಎರಡನೆಯ ಆಲ್ಬಮ್ಮಿನಲ್ಲಿವೆ. ಆಲ್ಬಮ್ಮಿನಿಂದ ಆಲ್ಬಮ್ಮಿಗೆ ವೃಂದಗಾನವೂ ವಾದ್ಯಮೇಳವೂ ಹಿಗ್ಗುತ್ತ ಹೋಗಿವೆ. ಹೊಸತನವನ್ನು ಗಾತ್ರದಿಂದ ಸಾಧಿಸುವ ಈ ಹಾದಿ ಪ್ರೋಗ್ರೆಸಿವ್ ರಾಕ್‌ನ ಪರಂಪರೆಗೆ ಸಹಜವಾದುದು. ಆದರೆ ಕೃತಿಯ ಪರಂಪರೆಯಲ್ಲಿ ಹೊಸತನದ ಜಾಗ ಸಂಗತಿಗಳಲ್ಲಿದೆ. ಸಾಲು ಅದೇ, ಅದರ ಒಳಗಿನ ನಡೆ ಬೇರೆ. ಆದುದರಿಂದ ಈ ತಂಡದ ಹೊಸ ಆಲ್ಬಮ್ಮನ್ನು ತೂಗುವವರು ವಾದ್ಯಗಳ ಸಂಖ್ಯೆಯನ್ನು ಎಣಿಸುವುದರ ಜೊತೆಗೆ ಗಿಟಾರು ಸ್ವತಃ ಸಂಗತಿಯನ್ನು ನುಡಿಸುತ್ತಿದೆಯೆ, ಇಲ್ಲವೆ ಕಂಠದ ಸಂಗತಿಗೆ ಹಿನ್ನೆಲೆಯಾಗಿ ಮಾತ್ರ ನಿಂತಿದೆಯೆ ಎಂದೂ ಕೇಳಬೇಕಾಗುತ್ತದೆ.

4

ಈ ಮೂರೂ ಬಗೆಗಳಿಗೆ ಅನ್ವಯಿಸಬಹುದಾದ ಒಂದು ಪರಿಕಲ್ಪನೆ ಉತ್ತರ ಕನ್ನಡ ಜಿಲ್ಲೆಯ ಯಕ್ಷಗಾನದಲ್ಲಿ ದೊರೆಯುತ್ತದೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಸ್ಥಾಪಿಸಿದ ಇಡಗುಂಜಿ ಮೇಳವು ಅದೇ ಪ್ರಸಂಗಗಳನ್ನು ತಲೆಮಾರುಗಳಿಂದ ಆಡುತ್ತ ಬಂದಿದೆ. ಪ್ರಸಂಗ ಹಳೆಯದೆಂದು ಯಾವ ಪ್ರೇಕ್ಷಕನೂ ದೂರುವುದಿಲ್ಲ. ಆತ ಕಾಯುವುದು ಪದ್ಯ ಮುಗಿದ ಮೇಲೆ ವೇಷಧಾರಿ ಹೇಳುವ ಅರ್ಥಕ್ಕಾಗಿ, ಅಂದಿನ ಭಾಗವತರ ಏರುದನಿಗಾಗಿ, ಅಂದಿನ ಚೆಂಡೆಯ ಪೆಟ್ಟಿಗಾಗಿ. ‘ತಿಟ್ಟು’ ಎಂಬ ಮಾತು ಪರಂಪರೆಯ ಗಡಿಯನ್ನು ಸೂಚಿಸುತ್ತದೆ. ‘ಅರ್ಥ’ ಎಂಬುದು ಆ ಗಡಿಯೊಳಗಿನ ಸ್ವಾತಂತ್ರ್ಯವನ್ನು. ತಿಟ್ಟನ್ನು ಬಿಟ್ಟುಕೊಟ್ಟವನನ್ನೂ ಅರ್ಥವನ್ನು ಬಾಯಿಪಾಠ ಒಪ್ಪಿಸುವವನನ್ನೂ ಸಹೃದಯ ಪ್ರೇಕ್ಷಕ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

ರಾಕ್ ತಂಡದ ಶೈಲಿಯನ್ನು ತಿಟ್ಟೆಂದೂ ಹೊಸ ಆಲ್ಬಮ್ಮನ್ನು ಅರ್ಥವೆಂದೂ ಗ್ರಹಿಸಿದರೆ ಆರಂಭದಲ್ಲಿ ಹೇಳಿದ ಇಕ್ಕಟ್ಟು ಸಡಿಲಗೊಳ್ಳುತ್ತದೆ. ಕ್ರಿಪ್ಟಾಸ್ ತಂಡವನ್ನು ಏಳನೆಯ ಬಾರಿಯೂ ಹೆವಿ ಮೆಟಲ್ ನುಡಿಸಿತೆಂದು ದೂರುವುದು, ಬಡಗುತಿಟ್ಟಿನ ಮೇಳವನ್ನು ಬಡಗುತಿಟ್ಟು ಕುಣಿಯಿತೆಂದು ದೂರಿದಂತೆ. ಆ ತಿಟ್ಟಿನೊಳಗೆ ಈ ಬಾರಿ ಏನು ಹೇಳಿತು ಎಂಬುದೇ ತಕ್ಕ ಪ್ರಶ್ನೆ. ಅದೇ ರೀತಿ, ಥರ್ಮಲ್ ಆ್ಯಂಡ್ ಎ ಕ್ವಾರ್ಟರ್‌ನ ಬದಲಾವಣೆಗಳನ್ನು ‘ಮೊದಲಿನಂತಿಲ್ಲ’ ಎಂದು ತಳ್ಳುವ ಮುನ್ನ ಅದರ ತಿಟ್ಟು ಯಾವುದೆಂಬುದನ್ನು ಮೊದಲು ಗುರುತಿಸಬೇಕು.

5

ತಂಡವು ಎತ್ತಿಕೊಂಡ ಪಠ್ಯವೇ ಪರಂಪರೆಗೆ ಸೇರಿದ್ದಾದರೆ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ. ಶಿಶುನಾಳ ಶರೀಫರ (1819–1889) ತತ್ವಪದಗಳು ಇದಕ್ಕೆ ಉತ್ತಮ ನಿದರ್ಶನ. ಶರೀಫರ ಶಿಶುನಾಳವಿರುವ ಶಿಗ್ಗಾವಿ ತಾಲೂಕು ಉತ್ತರ ಕನ್ನಡದ ಮುಂಡಗೋಡಿಗೆ ನೆರೆಯದು. ಭಜನಾ ಮಂಡಳಿಗಳಲ್ಲಿ ಏಕತಾರಿ, ದಮ್ಮಡಿ, ತಾಳಗಳೊಂದಿಗೆ ಉಳಿದುಬಂದ ಈ ಪದಗಳು ಸಿ. ಅಶ್ವತ್ಥರ ಗಾಯನದಿಂದಲೂ, ಟಿ.ಎಸ್. ನಾಗಾಭರಣ ನಿರ್ದೇಶನದ 1990ರ ‘ಸಂತ ಶಿಶುನಾಳ ಶರೀಫ’ ಚಲನಚಿತ್ರದಿಂದಲೂ ನಾಡಿನಾದ್ಯಂತ ಹರಡಿದವು. 2008ರಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್ ತಂಡದ ಮೊದಲ ಆಲ್ಬಮ್ ‘ಗುಡುಗುಡಿಯ ಸೇದಿ ನೋಡೊ’ ಪದವನ್ನು ಗಿಟಾರು, ಪಿಟೀಲು, ಡ್ರಮ್ಸ್‌ಗಳೊಡನೆ ಹೊಸ ತಲೆಮಾರಿಗೆ ಮುಟ್ಟಿಸಿತು. 2013ರ ಎರಡನೆಯ ಆಲ್ಬಮ್ ‘ಜಗ್ ಚಂಗಾ’ದಲ್ಲಿ ‘ಲೋಕದ ಕಾಳಜಿ’, ‘ಕೋಡಗನ ಕೋಳಿ ನುಂಗಿತ್ತ’ ಪದಗಳು ಬಂದವು. ಮತ್ತೆ ಶರೀಫರೇ ಏಕೆ ಎಂದು ಆಲ್ಬಮ್‌ನಿಷ್ಠ ವಿಮರ್ಶೆ ಕೇಳಬಹುದು. ಜಾನಪದೀಯ ನೆಲೆಯಿಂದ ಆ ಪ್ರಶ್ನೆಗೆ ಹುರುಳಿಲ್ಲ. ಶರೀಫರಿಗೆ ಮರಳುವುದು ಪರಂಪರೆಗೆ ಮರಳುವುದೇ ಆಗಿದೆ.

ಕೇಳಬೇಕಾದುದು ಬೇರೆ. ಭಜನೆಯಲ್ಲಿ ಹೇಳುವವನೊಬ್ಬ, ಹಿಡಿಯುವವರು ಹಲವರು. ಪಲ್ಲವಿ ಮರುಕಳಿಸಿದಂತೆ ನಡೆ ಬಿರುಸಾಗುತ್ತ ಹೋಗುತ್ತದೆ. ರಾಕ್ ಧ್ವನಿಮುದ್ರಣದಲ್ಲಿ ಲಯ ಬಹುಮಟ್ಟಿಗೆ ಮೊದಲೇ ನಿಗದಿಯಾಗಿ, ಏರಿಕೆಯು ವೇಗದ ಬದಲು ವಾದ್ಯಗಳ ದಟ್ಟಣೆಯಿಂದ ಉಂಟಾಗುತ್ತದೆ. ‘ಕೋಡಗನ ಕೋಳಿ’ ಬೆಡಗಿನ ವಚನಗಳ ಸಂತತಿಗೆ ಸೇರಿದ ಪದ. ಒಂದರ ಮೇಲೊಂದು ಬರುವ ಒಗಟುಗಳು ಕೊನೆಯಲ್ಲಿ ಗುರು ಗೋವಿಂದನ ಪಾದದಲ್ಲಿ ‘ನಾನು’ ಕರಗುವುದರೊಂದಿಗೆ ಬಿಡಿಸಿಕೊಳ್ಳುತ್ತವೆ. ಒಗಟು ಬಿಡಿಸಿಕೊಳ್ಳಲು ಕೇಳುಗನಿಗೆ ತೆರಪು ಬೇಕು. ಕುಣಿಸುವ ಲಯ ಆ ತೆರಪನ್ನು ಕಿರಿದಾಗಿಸುತ್ತದೆ. ಹಾಗೆಂದು ಸಂಭ್ರಮವೇ ತಪ್ಪೆನ್ನಲಾಗದು. ಹಳ್ಳಿಗಳಲ್ಲಿ ಮಕ್ಕಳು ಇದೇ ಪದವನ್ನು ಹಾಸ್ಯದ ಹಾಡಾಗಿ ಹಾಡಿಕೊಳ್ಳುವುದುಂಟು, ಹಿರಿಯರು ಅದನ್ನೇ ತತ್ವವಾಗಿ ಕೇಳುವುದುಂಟು. ಎರಡೂ ಪಾಠಾಂತರಗಳೇ. ಅಂಕಿತದ ಚರಣ ಉಳಿದಿದೆಯೆ, ಉಳಿದಿದ್ದರೆ ಅದಕ್ಕೆ ವಾದ್ಯಗಳು ದಾರಿ ಬಿಟ್ಟಿವೆಯೆ, ಮೇಳದ ದನಿಗೆ ಎಡೆಯಿದೆಯೆ, ಪದಕಾರನ ಹೆಸರು ಆಲ್ಬಮ್ಮಿನ ಮೇಲೆ ಇದೆಯೆ—ಇಂಥ ಪ್ರಶ್ನೆಗಳಿಂದ ಪಾಠಾಂತರದ ಬೆಲೆ ತಿಳಿಯುತ್ತದೆ.

ಬೆಂಗಳೂರಿನ ಸ್ವರಾತ್ಮ ತಂಡದ ಹಾದಿ ಇದಕ್ಕಿಂತ ಭಿನ್ನ. 2009ರ ಮೊದಲ ಆಲ್ಬಮ್, 2012ರ ‘ಟೋಪಿವಾಲೆ’, 2018ರ ‘ರಾಹ್-ಎ-ಫಕೀರಾ’ಗಳಲ್ಲಿ ಜನಪದದ ಧಾಟಿಯನ್ನು ಸ್ವಂತ ರಚನೆಗಳಿಗೆ ಅಳವಡಿಸಿಕೊಂಡು ಸಮಕಾಲೀನ ಸಾಮಾಜಿಕ ವಿಷಯಗಳನ್ನು ಹಾಡುವುದು ಈ ತಂಡದ ಕ್ರಮ. ಇಲ್ಲಿ ಪಠ್ಯ ಹೊಸದು, ಧಾಟಿ ಹಳೆಯದು. ಶರೀಫರ ಪದಗಳನ್ನು ಹಾಡಿದಲ್ಲಿ ಪಠ್ಯ ಹಳೆಯದು, ಧಾಟಿ ಹೊಸದು. ಎರಡನ್ನೂ ‘ಜಾನಪದ ರಾಕ್’ ಎಂಬ ಒಂದೇ ಹೆಸರಿನಡಿ ತರುವುದರಿಂದ ಮೌಲ್ಯಮಾಪನಕ್ಕೆ ತೊಡಕುಂಟಾಗಿದೆ.

6

ಈ ಚರ್ಚೆ ನಗರದ ಕೇಳುಗರಿಗೆ ಮಾತ್ರ ಸಂಬಂಧಿಸಿದ್ದಲ್ಲ ಎಂಬುದು ಜೋಯಿಡಾ ತಾಲೂಕಿನ ಗಣೇಶಗುಡಿಯಂಥ ಊರಿನಿಂದ ನೋಡಿದಾಗ ಸ್ಪಷ್ಟವಾಗುತ್ತದೆ. ಕಾಳಿ ನದಿಗೆ ಇಲ್ಲಿ ಕಟ್ಟಿದ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟೆಯ ಹಿನ್ನೀರಿನಲ್ಲಿ ಹಳೆಯ ಸೂಪಾ ಪಟ್ಟಣವೇ ಮುಳುಗಿ, ತಾಲೂಕು ಕೇಂದ್ರ ಜೋಯಿಡಾಕ್ಕೆ ಸ್ಥಳಾಂತರಗೊಂಡಿತು. ನಿರ್ವಸಿತರಲ್ಲಿ ಹಲವರಿಗೆ ರಾಮನಗರದಲ್ಲಿ ನೆಲೆ ಕಲ್ಪಿಸಲಾಯಿತು. ಊರಿನೊಂದಿಗೆ ಊರ ದೇವರ ಹಬ್ಬ, ಸುಗ್ಗಿ, ಮದುವೆಯ ಚಪ್ಪರಗಳೆಂಬ ಹಾಡಿನ ಸಂದರ್ಭಗಳೂ ಚದುರುತ್ತವೆ. ಮೌಖಿಕ ಪರಂಪರೆಯಲ್ಲಿ ಸಂದರ್ಭ ಹೋದರೆ ಹಾಡು ನಿಲ್ಲುವುದು ಕಷ್ಟ. ಕನ್ನಡ, ಕೊಂಕಣಿ, ಮರಾಠಿಗಳು ಬೆರೆತ ಈ ಸೀಮೆಯಲ್ಲಿ ಕುಣಬಿಗಳು, ಗೌಳಿಗಳು, ಸಿದ್ದಿಗಳು ತಮ್ಮತಮ್ಮ ಹಾಡು ಕುಣಿತಗಳನ್ನು ಉಳಿಸಿಕೊಂಡು ಬಂದಿದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡವೆಂದು ಮಾನ್ಯತೆ ಪಡೆದ ಉತ್ತರ ಕನ್ನಡದ ಸಿದ್ದಿಗಳ ಡಮಾಮಿ ಇವುಗಳಲ್ಲಿ ಹೊರಗಿನವರ ಗಮನವನ್ನು ಹೆಚ್ಚು ಸೆಳೆದದ್ದು.

ಹೊಸ ಆಲ್ಬಮ್ಮಿಗೆ ಹೊಸ ನಾದವನ್ನು ಹುಡುಕುವ ತಂಡಕ್ಕೆ ಡಮಾಮಿಯಂಥ ವಾದ್ಯ ಆಕರ್ಷಕವಾಗಿ ಕಾಣುವುದು ಸಹಜ. ಆಗ ಅದು ಎರಡು ರೀತಿಯಲ್ಲಿ ಪ್ರವೇಶ ಪಡೆಯಬಹುದು: ಕೆಲವು ಕ್ಷಣಗಳ ಧ್ವನಿತುಣುಕಾಗಿ, ಇಲ್ಲವೆ ಬಾರಿಸುವವರ ಸಮೇತ. ಚಲನಚಿತ್ರ ಕ್ಷೇತ್ರದಲ್ಲಿ ಎರಡನೆಯ ರೀತಿಗೆ ಹತ್ತಿರವಾದ ಒಂದು ನಿದರ್ಶನವಿದೆ. 2021ರಲ್ಲಿ ತೆರೆಕಂಡ ‘ಸಲಗ’ ಚಿತ್ರದ ‘ಟಿಣಿಂಗ ಮಿಣಿಂಗ ಟಿಶ್ಯಾ’ ಹಾಡಿನಲ್ಲಿ ಸಿದ್ದಿ ಸಮುದಾಯದ ಗಿರಿಜಾ ಸಿದ್ದಿ, ಗೀತಾ ಸಿದ್ದಿಯವರ ದನಿ ಅವರವರ ಹೆಸರಿನೊಂದಿಗೇ ನಾಡಿಗೆ ಪರಿಚಿತವಾಯಿತು. ಹೆಸರು ದಾಖಲಾದಲ್ಲಿ ಮಾತ್ರ ಕಲಾವಿದರಿಗೆ ಮನ್ನಣೆಯೂ ಸಂಭಾವನೆಯ ಹಕ್ಕೂ ದೊರೆಯಲು ಸಾಧ್ಯ. ‘ಸಾಂಪ್ರದಾಯಿಕ’ ಎಂಬ ಒಂದೇ ಪದದಲ್ಲಿ ಮೂಲವನ್ನು ಮುಗಿಸಿಬಿಟ್ಟ ಆಲ್ಬಮ್ ಎಷ್ಟೇ ಸೊಗಸಾಗಿದ್ದರೂ, ಚದುರಿದ ಸಮುದಾಯವೊಂದು ತನ್ನ ಹಾಡನ್ನು ತನ್ನದೆಂದು ಹೇಳಿಕೊಳ್ಳುವ ಆಧಾರವನ್ನು ಅಷ್ಟರಮಟ್ಟಿಗೆ ಕಳೆಯುತ್ತದೆ. ಆದುದರಿಂದ ಮೂಲದ ಮಾನ್ಯತೆಯನ್ನು ನೀತಿಯ ವಿಷಯವೆಂದು ಬದಿಗಿಡದೆ ಮೌಲ್ಯಮಾಪನದ ಅಂಗವಾಗಿಯೇ ಪರಿಗಣಿಸಬೇಕು.

7

ಮೇಲಿನ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಹಳೆಯ ತಂಡದ ಹೊಸ ಆಲ್ಬಮ್ಮನ್ನು ಅದರ ಶ್ರೇಷ್ಠ ಕಾಲದೊಂದಿಗೆ ಹೋಲಿಸುವ ಕ್ರಮ ದೀರ್ಘವಾದನದ ತಟ್ಟೆಯ ಯುಗದಲ್ಲಿ ಹುಟ್ಟಿದ್ದು. ಅದು ಸಾರ್ವಕಾಲಿಕ ನಿಯಮವಲ್ಲ. ತಿಟ್ಟು ಯಾವುದು, ಅದರೊಳಗೆ ಈ ಸಲದ ಅರ್ಥವೇನು, ಪರಂಪರೆಯ ಪಠ್ಯವನ್ನು ತೆಗೆದುಕೊಂಡಿದ್ದರೆ ಅದು ಎಂಥ ಪಾಠಾಂತರ, ಮೂಲದವರ ಹೆಸರು ಎಲ್ಲಿದೆ ಎಂಬ ನಾಲ್ಕು ಪ್ರಶ್ನೆಗಳು ಕರ್ನಾಟಕದ ತಂಡಗಳಿಗೆ ಹೆಚ್ಚು ಒಪ್ಪುತ್ತವೆ.

ಇದರೊಂದಿಗೆ ಗ್ರಂಥಾಲಯಗಳ ಹೊಣೆಯೂ ಸೇರಿದೆ. ಸಾಂದ್ರಮುದ್ರಿಕೆಯ ಕಾಲದ ಆಲ್ಬಮ್‌ಗಳ ಜೊತೆ ಬರುತ್ತಿದ್ದ ಪುಟ್ಟ ಹೊತ್ತಗೆಯಲ್ಲಿ ಪದಕಾರರ, ವಾದಕರ, ಮೂಲದ ವಿವರಗಳನ್ನು ಕೊಡುವ ರೂಢಿಯಿತ್ತು. ಅಂತರಜಾಲದ ಮೂಲಕ ಬಿಡಿ ಹಾಡುಗಳನ್ನು ಕೇಳುವ ಇಂದಿನ ಕ್ರಮದಲ್ಲಿ ಆ ವಿವರಗಳೇ ಮೊದಲು ಕಣ್ಮರೆಯಾಗುತ್ತಿವೆ. ಹಸ್ತಪ್ರತಿಗಳ ಪುಷ್ಪಿಕೆಯನ್ನು ಕಾಪಾಡುವ ಎಚ್ಚರದಿಂದಲೇ ಈ ಹೊತ್ತಗೆಗಳನ್ನೂ ಸಂಗ್ರಹಿಸಿ ಸೂಚಿಗೆ ಸೇರಿಸಿದಲ್ಲಿ, ಒಂದು ಪದ ಏಕತಾರಿಯಿಂದ ಗಿಟಾರಿಗೆ ಬಂದ ದಾರಿಯನ್ನು ಮುಂದಿನ ಸಂಶೋಧಕರು ಹೆಸರುಗಳ ಸಮೇತ ಗುರುತಿಸಬಲ್ಲರು.