ಸದಸ್ಯನ ದುರ್ನಡತೆಯ ವಿಚಾರಣೆ ಯಾರದು? ಉತ್ತರಮೇರೂರು, ಬಂದಳಿಕೆ ಮತ್ತು 43ಎ ಪ್ರಕರಣ

ಗ್ರಾಮ ಪಂಚಾಯಿತಿ ಸದಸ್ಯರ ನಡತೆಯ ಮೇಲಿನ ದೂರುಗಳ ಚರ್ಚೆಯಲ್ಲಿ ಉತ್ತರಮೇರೂರಿನ ಚೋಳ ಶಾಸನಗಳನ್ನು ಉದಾಹರಿಸುವುದು ರೂಢಿಯಾಗಿದೆ. 2020ರ ಡಿಸೆಂಬರ್ 10ರಂದು ಹೊಸ ಸಂಸತ್ ಭವನದ ಶಿಲಾನ್ಯಾಸದಲ್ಲಿ ಪ್ರಧಾನಿಯವರು ಮಾಡಿದ ಭಾಷಣದಲ್ಲಿಯೂ ಅವುಗಳ ಪ್ರಸ್ತಾಪವಿತ್ತು. ಹಿಂದಿನ ಹಳ್ಳಿ ತನ್ನ ಪ್ರತಿನಿಧಿಯನ್ನು ತಾನೇ ವಿಚಾರಿಸಿ ತೆಗೆದುಹಾಕುತ್ತಿತ್ತು, ಇಂದಿನ ಕಾಯಿದೆ ಆ ಅಧಿಕಾರವನ್ನು ಮೇಲಕ್ಕೊಯ್ದಿತು ಎಂಬುದು ಅಲ್ಲಿಂದ ಹೊರಡುವ ತೀರ್ಮಾನ. ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಂಥ ಊರಿಗೆ, ಎಂದರೆ ಹಿಂದಿನ ಬನವಾಸಿ ಹನ್ನೆರಡು ಸಾಸಿರದ ನೆಲಕ್ಕೆ, ಈ ತೀರ್ಮಾನ ಎಷ್ಟು ಒಪ್ಪುತ್ತದೆ ಎಂಬುದು ಇಲ್ಲಿಯ ವಿಚಾರ.

ಕನ್ನಡ ನಾಡಿನ ಗ್ರಾಮಾಡಳಿತದ ಸ್ಥೂಲ ಚಿತ್ರದ ಬಗ್ಗೆ ಹೆಚ್ಚು ವಿವಾದವಿಲ್ಲ. ಅ. ಸ. ಅಳ್ತೇಕರ್ ಅವರ ಬರಹಗಳೂ ಜಿ. ಎಸ್. ದೀಕ್ಷಿತರು 1964ರಲ್ಲಿ ಪ್ರಕಟಿಸಿದ ಮಧ್ಯಯುಗೀನ ಕರ್ನಾಟಕದ ಸ್ಥಳೀಯ ಸ್ವಯಮಾಡಳಿತದ ಅಧ್ಯಯನವೂ ಅಗ್ರಹಾರಗಳ ಮಹಾಜನರು, ಊರುಗಳ ಗಾವುಂಡರು, ಪೇಟೆಗಳ ನಕರರು ಎಂಬ ಚೌಕಟ್ಟನ್ನು ಸ್ಥಿರಪಡಿಸಿವೆ. ವಿವಾದವಿರುವುದು ತಮಿಳುನಾಡಿನ ಸಾಕ್ಷ್ಯವನ್ನು ಈ ಚೌಕಟ್ಟಿಗೆ ತಂದು ಹೊಂದಿಸುವಲ್ಲಿ.

ಒಂದನೆಯ ಪರಾಂತಕನ ಕಾಲದ 919 ಮತ್ತು 921ರ ಉತ್ತರಮೇರೂರಿನ ಎರಡು ಶಾಸನಗಳು ಮೂವತ್ತು ಕುಡುಂಬುಗಳಿಂದ, ಅಂದರೆ ವಾರ್ಡುಗಳಿಂದ, ಓಲೆಗರಿಯ ಮೇಲೆ ಹೆಸರು ಬರೆದು ಕೊಡಕ್ಕೆ ಹಾಕಿ ಬಾಲಕನೊಬ್ಬನಿಂದ ಎತ್ತಿಸಿ ವಾರಿಯಗಳಿಗೆ, ಎಂದರೆ ಸಭೆಯ ಕಾರ್ಯಸಮಿತಿಗಳಿಗೆ, ಸದಸ್ಯರನ್ನು ಆರಿಸುವ ಕ್ರಮವನ್ನು ಹೇಳುತ್ತವೆ; ಸ್ವಂತ ನಿವೇಶನದಲ್ಲಿ ಮನೆ, ಕಾಲು ವೇಲಿ ಭೂಮಿ, 921ರ ಶಾಸನದಂತೆ ಮೂವತ್ತೈದರಿಂದ ಎಪ್ಪತ್ತರೊಳಗಿನ ವಯಸ್ಸು ಅರ್ಹತೆಗಳಾದರೆ, ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನೂ ಅವನ ಗೊತ್ತುಪಡಿಸಿದ ಬಂಧುಗಳೂ ಅನರ್ಹರು. ಆದರೆ ಇದು ಒಳಬರುವ ಬಾಗಿಲಿನ ನಿಯಮವೇ ಹೊರತು ಒಳಗಿರುವವನ ಮೇಲಿನ ದೂರನ್ನು ಕೇಳುವ ಕ್ರಮವಲ್ಲ. ಅಧಿಕಾರದಲ್ಲಿರುವಾಗಲೇ ಅಪರಾಧ ಕಂಡುಬಂದವನನ್ನು ಕೂಡಲೇ ತೆಗೆಯಬೇಕೆಂಬ ಮಾತೂ 921ರ ಶಾಸನದಲ್ಲಿದೆ, ನಿಜ. ಅಪರಾಧ ಕಂಡುಕೊಳ್ಳುವವರು ಯಾರು, ದೂರು ಹೇಳಬಲ್ಲವರು ಯಾರು, ಆಪಾದಿತನ ಉತ್ತರವನ್ನು ಕೇಳುವವರಾರು ಎಂಬ ಪ್ರಶ್ನೆಗಳನ್ನು ಮಾತ್ರ ಆ ವಾಕ್ಯ ಮುಟ್ಟುವುದಿಲ್ಲ. ಸಭೆಯೇ ಕೇಳುತ್ತಿತ್ತು ಎಂದು ಊಹಿಸುವುದು ಅಸಂಗತವೇನಲ್ಲ, ಆದರೆ ಊಹೆ ಊಹೆಯೇ. ಇದಕ್ಕಿಂತ ಮುಖ್ಯವಾದ ಸಂಗತಿ, ಎರಡು ಸಲವೂ ಅರಸನ ಆಜ್ಞೆಯಂತೆ ಒಬ್ಬ ಅಧಿಕಾರಿ ಸಭೆಯೊಂದಿಗೆ ಕುಳಿತೇ ವ್ಯವಸ್ಥೆಯನ್ನು ಗೊತ್ತುಪಡಿಸಿದನೆಂದು ಶಾಸನಗಳೇ ಹೇಳುವುದು. ಉದಾಹರಿಸುವವರು ಕೊಡವನ್ನು ನೆನೆಯುತ್ತಾರೆ, ಅಧಿಕಾರಿಯನ್ನು ಮರೆಯುತ್ತಾರೆ.

ಇದೇ ವರ್ಷಗಳಲ್ಲಿ ಬನವಾಸಿ ಸೀಮೆಯ ಸ್ಥಿತಿ ಬೇರೆಯಿತ್ತು. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ರಾಷ್ಟ್ರಕೂಟ ಶಾಸನದಂತೆ, ನಾಗರಖಂಡ ಎಪ್ಪತ್ತು ಎಂಬ ನಾಡಿನ ನಾಳ್ಗಾವುಂಡನಾಗಿದ್ದ, ಎಂದರೆ ಮುಖ್ಯಸ್ಥನಾಗಿದ್ದ, ಸತ್ತರಸ ನಾಗಾರ್ಜುನ ತೀರಿಕೊಂಡಾಗ ಅರಸನು ಆ ಹುದ್ದೆಯನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಟ್ಟನು. ಆಕೆ ಸಮರ್ಥವಾಗಿ ಆಳಿ, ರೋಗ ಬಂದಾಗ ಹೊಣೆಯನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ವ್ರತ ಹಿಡಿದು 918ರಲ್ಲಿ ದೇಹ ಬಿಟ್ಟಳು. ಉತ್ತರಮೇರೂರಿನ ಮೊದಲ ಶಾಸನಕ್ಕೆ ಒಂದೇ ವರ್ಷ ಹಿಂದಿನ ಮಾತು. ಹುದ್ದೆ ಅರಸನ ಕೈಯಿಂದ ಬಂದು ಮನೆತನದೊಳಗೆ ಸಾಗುವಲ್ಲಿ ದೂರು ಹೋಗಬೇಕಾದ ದಿಕ್ಕೂ ಮೇಲಕ್ಕೇ ಎಂದು ತರ್ಕಿಸಬಹುದಾದರೂ, ಪ್ರಶಸ್ತಿಯ ಧಾಟಿಯ ಒಂದು ಸ್ಮಾರಕಶಾಸನದಿಂದ ಇಡೀ ನಾಡಿನ ಪದ್ಧತಿಯನ್ನು ಕಟ್ಟುವಂತಿಲ್ಲ, ನಾಡಿನ ಹುದ್ದೆ ಊರಿನ ಕೂಟವೂ ಅಲ್ಲ.

ಈ ಎಚ್ಚರಿಕೆಗಳೊಂದಿಗೆ ಇಷ್ಟನ್ನು ಮುಂದಿಡಬಹುದು: ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಲ್ಲಿ ಸದಸ್ಯನನ್ನು ತೆಗೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುವ 43ಎ ಪ್ರಕರಣ ಹಳ್ಳಿಯಿಂದ ಏನನ್ನೂ ಕಸಿದುಕೊಂಡಂತೆ ತೋರುವುದಿಲ್ಲ, ಕನಿಷ್ಠ ಈ ಸೀಮೆಯಲ್ಲಿ, ಮೊದಲಿನಿಂದಲೂ ಮೇಲ್ಮುಖವಾಗಿದ್ದ ದಾರಿಗೆ ಅದು ಅಕ್ಷರರೂಪ ಕೊಟ್ಟಿರಬಹುದು. ಇದು ವಂಶಾವಳಿಯ ವಾದವಲ್ಲ, ಆಕಾರದ ಹೋಲಿಕೆ ಮಾತ್ರ. ನಡುವೆ ಕೆಳದಿಯ ಆಳ್ವಿಕೆಯಿದೆ, 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯವರೆಗೆ ವಂಶಪಾರಂಪರ್ಯವಾಗಿ ನಡೆದ ಪಟೇಲ–ಶಾನುಭೋಗಿಕೆಯಿದೆ. ಪಟೇಲನ ಮೇಲಿನ ದೂರು ಅಮಲ್ದಾರರ ಕಚೇರಿಗೇ ಹೋಗುತ್ತಿತ್ತು.

43ಎ ಪ್ರಕರಣದಂತೆ ಕರ್ತವ್ಯದಲ್ಲಿ ದುರ್ನಡತೆ ತೋರಿದ ಸದಸ್ಯನನ್ನು, ಪಂಚಾಯಿತಿಯ ಶಿಫಾರಸಿನ ಮೇಲಾಗಲಿ ಅನ್ಯಥಾ ಆಗಲಿ, ತಾನು ಅಗತ್ಯವೆಂದು ಭಾವಿಸಿದ ವಿಚಾರಣೆ ನಡೆಸಿ, ಅವನ ಅಹವಾಲು ಕೇಳಿ, ತೆಗೆದುಹಾಕಬಹುದಾದದ್ದು ಸರ್ಕಾರ. ಇದನ್ನು 49ನೆಯ ಪ್ರಕರಣದ ಅವಿಶ್ವಾಸ ನಿರ್ಣಯದೊಂದಿಗೆ ಬೆರೆಸುವುದು ಸಾಮಾನ್ಯ ತಪ್ಪು. ಅವಿಶ್ವಾಸ ತಗಲುವುದು ಅಧ್ಯಕ್ಷ, ಉಪಾಧ್ಯಕ್ಷರಿಗೆ ಮಾತ್ರ. ಅದು ಸ್ಥಾನವನ್ನು ಕಳೆಯುತ್ತದೆ, ಸದಸ್ಯತ್ವವನ್ನಲ್ಲ. ಸೊರಬದ ಪಂಚಾಯಿತಿಗಳಿಗಾದರೆ ಅದರ ಸಭೆ ಕರೆಯಬೇಕಾದವರು ಸಾಗರದ ಉಪವಿಭಾಗಾಧಿಕಾರಿ. ಹೀಗಾಗಿ ಸಾಮಾನ್ಯ ಸದಸ್ಯನೊಬ್ಬನ ಮೇಲೆ ದೂರಿರುವ ಕುಪ್ಪಗಡ್ಡೆಯ ಮತದಾರನು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬಹುದು, ತಾಲ್ಲೂಕು ಪಂಚಾಯಿತಿಯ ಇಒ ಅವರಿಗೋ ಜಿಲ್ಲಾ ಪಂಚಾಯಿತಿಯ ಸಿಇಒ ಅವರಿಗೋ ಅರ್ಜಿ ಬರೆಯಬಹುದು. ತೆಗೆಯುವ ಮಾತು ಮಾತ್ರ ಅವನ ಊರಿನಲ್ಲಿ ತೀರ್ಮಾನವಾಗದು.

921ರ ಶಾಸನ ತೆಗೆಯಬೇಕೆಂದು ಹೇಳಿ ವಿಚಾರಣೆಯ ಕ್ರಮವನ್ನು ಹೇಳದೆ ಬಿಟ್ಟರೆ, 43ಎ ವಿಚಾರಣೆ ಬೇಕೆಂದು ಹೇಳಿ ಅದರ ಬಗೆಯನ್ನು ಸರ್ಕಾರದ ವಿವೇಚನೆಗೆ ಬಿಡುತ್ತದೆ. ‘ಅನ್ಯಥಾ’ ಎಂಬ ಪದದೊಳಗೆ ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ದಾಖಲಾದ ದೂರು ಸೇರಬಲ್ಲದೆ, ಸೇರಿದರೆ ಅದಕ್ಕೆ ಪಂಚಾಯಿತಿಯ ಶಿಫಾರಸಿನಷ್ಟೇ ತೂಕವಿರುತ್ತದೆಯೆ ಎಂಬುದು ತಾಲ್ಲೂಕು ಮಟ್ಟದ ವಿಚಾರಣಾ ಕಡತಗಳ ಅಧ್ಯಯನವನ್ನು ಕಾಯುತ್ತಿರುವ ಪ್ರಶ್ನೆ.