ಜೋಗದ ವಿದ್ಯುತ್ತು, ವಾಲ್ವ್ ಯಂತ್ರಗಳ ಆಯುಸ್ಸು

ಸೊರಬ, ಶಿಕಾರಿಪುರದ ಕಡೆ ಯಾರದಾದರೂ ಮನೆಯ ಅಟ್ಟದಲ್ಲಿ ಹಳೆಯ ವಾಲ್ವ್ ರೇಡಿಯೋ ಅಥವಾ ಧ್ವನಿವರ್ಧಕ ಸಿಕ್ಕಿದರೆ, ಜನ ಮೊದಲು ವಿಚಾರಿಸುವುದು ವಾಲ್ವುಗಳ ಕ್ಷೇಮವನ್ನು. ವಾಲ್ವನ್ನು ಕಿತ್ತು ಬೇರೊಂದನ್ನು ಹಾಕಬಹುದು. ವಿಚಾರಿಸಬೇಕಾದದ್ದು ಟ್ರಾನ್ಸ್‌ಫಾರ್ಮರಿನ ಕ್ಷೇಮವನ್ನು.

ಅದು ತೆಳುವಾದ ಉಕ್ಕಿನ ತಗಡುಗಳ ಕಟ್ಟು. ನಡುವೆ ಸುತ್ತಿದ ತಾಮ್ರದ ತಂತಿ. ಅದರಲ್ಲಿ ತಿರುಗುವುದೂ ಇಲ್ಲ, ಸವೆಯುವುದೂ ಇಲ್ಲ. ಸಾಯುವುದು ಸುತ್ತುಗಳ ನಡುವಿನ ಕಾಗದ. ಬಿಸಿ ಸುಮಾರು 8 ಡಿಗ್ರಿ ಸೆಂಟಿಗ್ರೇಡ್ ಏರಿದಂತೆಲ್ಲ ಅದರ ಆಯುಸ್ಸು ಅರ್ಧವಾಗುತ್ತದೆಂದು ಅಮೆರಿಕದ ಎಂಜಿನಿಯರ್ ಮಾಂಟ್ಸಿಂಗರ್ 1930ರಲ್ಲಿ ಲೆಕ್ಕ ಕೊಟ್ಟರು.

ಮೈಸೂರು ಸೀಮೆಯಲ್ಲಿ ಈ ಬಿಸಿಗೆ ಒಂದು ಚರಿತ್ರೆಯೇ ಇದೆ. ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿಗೂ ಹರಿದುಬಂದ ವಿದ್ಯುತ್ತು ಸೆಕೆಂಡಿಗೆ 25 ಸೈಕಲ್ಲಿನದು. ಸೊರಬದ ನೆರೆಯ ಸಾಗರ ತಾಲ್ಲೂಕಿನ ಜೋಗದಲ್ಲಿ 1948ರಲ್ಲಿ ಉತ್ಪಾದನೆ ಆರಂಭವಾದಾಗ ಅಲ್ಲಿನದು 50 ಸೈಕಲ್! ಸೈಕಲ್ ಅರ್ಧವಾದರೆ ಅದೇ ವೋಲ್ಟಿಗೆ ಕಬ್ಬಿಣ ಇಮ್ಮಡಿ ಕಾಂತಭಾರ ಹೊರಬೇಕು. 50 ಸೈಕಲ್ಲಿಗೆಂದು ಮಾಡಿದ ಟ್ರಾನ್ಸ್‌ಫಾರ್ಮರು 25ರಲ್ಲಿ ಆ ಭಾರ ತಾಳದು. ತಂತಿಯಲ್ಲಿ ಅಳತೆ ಮೀರಿ ವಿದ್ಯುತ್ತು ಹರಿದು ಅದು ಸುಟ್ಟುಹೋಗುತ್ತದೆ. 25ಕ್ಕೆಂದು ಮಾಡಿದ ದಪ್ಪ, ಭಾರದ ಟ್ರಾನ್ಸ್‌ಫಾರ್ಮರೋ 50ರಲ್ಲಿ ತಣ್ಣಗೆ ನಡೆಯುತ್ತದೆ. ಹಾಗಾಗಿ ಬೆಂಗಳೂರಿನ ಹಳೆಯ ಪೆಟ್ಟಿಗೆಯೊಂದು ಜೋಗದ ವಿದ್ಯುತ್ತಿನ ಊರಿಗೆ ಬಂದರೆ ಅದರ ಆಯುಸ್ಸು ಹೆಚ್ಚೀತು. ತೂಕ ನೋಡಿ ನಗಬಾರದು.

ಕಂಬ ಬಾರದ ಹಳ್ಳಿಗಳಲ್ಲಿ ರೇಡಿಯೋ ನಡೆದದ್ದು ಬ್ಯಾಟರಿಯಿಂದ. 6 ವೋಲ್ಟಿನ ಬ್ಯಾಟರಿಯ ವಿದ್ಯುತ್ತನ್ನು ವೈಬ್ರೇಟರ್ ಎಂಬ ಅದುರುವ ಸಾಧನ ಸೆಕೆಂಡಿಗೆ ನೂರರಷ್ಟು ಸಾರಿ ಕತ್ತರಿಸಿ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತಿತ್ತು.

ಮಲೆನಾಡಿನ ಸೆರಗಿನಲ್ಲಿ ಬಿಸಿಗಿಂತ ಥಂಡಿಯೇ ಹೆಚ್ಚಿನ ಶತ್ರು. ಸ್ಪೀಕರಿಗೆ ಧ್ವನಿ ಕೊಡುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಒಂದು ಸುತ್ತು ಕೂದಲೆಳೆಯಂಥ ತಂತಿಯದು. ಇನ್ನೂರಕ್ಕೂ ಮಿಕ್ಕಿದ ವೋಲ್ಟು ಅದರ ಮೇಲಿರುತ್ತದೆ. ಕಾಗದ ತೇವ ಹೀರಿದರೆ ತಾಮ್ರ ಹಸಿರುಗಟ್ಟಿ, ಒಂದು ದಿನ ತುಂಡಾಗುತ್ತದೆ. ದಿನವೂ ನುಡಿಯುವ ಯಂತ್ರ ತನ್ನ ಕಾವಿನಿಂದಲೇ ಒಣಗಿಕೊಳ್ಳುತ್ತದೆ. ಕೆಡುವುದು ಸುಮ್ಮನೆ ಕುಳಿತದ್ದು. ಅಡಿಕೆಯನ್ನು ಅಷ್ಟು ಜೋಪಾನವಾಗಿ ಒಣಗಿಸುವ ನಮ್ಮವರು ರೇಡಿಯೋವನ್ನು ಮಾತ್ರ ಒದ್ದೆ ಗೋಡೆಗೆ ಒರಗಿಸಿಡುತ್ತಾರೆ!

ಜಾತ್ರೆಯಲ್ಲಿ ಇನ್ನೊಂದು ಅಪಾಯ. ಹಾರ್ನಿನ ತಂತಿ ಕಳಚಿದ್ದರೂ ಧ್ವನಿ ಏರಿಸುತ್ತಾ ಹೋದರೆ, ಹೊರಹೋಗಲು ದಾರಿಯಿಲ್ಲದ ಶಕ್ತಿ ಸುತ್ತುಗಳ ನಡುವೆಯೇ ಕಿಡಿಯಾಗಿ ಹಾರುತ್ತದೆ. ಮೊದಲು ಹಾರ್ನು, ಆಮೇಲೆ ಸ್ವಿಚ್ಚು.

ವರ್ಷಗಟ್ಟಲೆ ನಿಂತಿದ್ದ ಪೆಟ್ಟಿಗೆಯನ್ನು ನೇರವಾಗಿ ಪ್ಲಗ್ಗಿಗೆ ಸಿಕ್ಕಿಸುವುದೇ ಅದರ ಕೊಲೆ. ಮೊದಲು ಎರಡು ದಿನ ಬೆಚ್ಚಗಿನ ಜಾಗದಲ್ಲಿಡಬೇಕು. ಹಿಂಬದಿಯ ವೋಲ್ಟೇಜ್ ಗುರುತು 210ರಲ್ಲಿದ್ದರೆ ಅದನ್ನು ಈಗಿನ ಸರಬರಾಜಿಗೆ ಒಪ್ಪುವ ಮೇಲಿನ ಗುರುತಿಗೆ ಬದಲಿಸಬೇಕು. ಅನಂತರ ತಿಳಿದವರಿಂದ, 60 ವ್ಯಾಟಿನ ಹಳೆಯ ಬಗೆಯ ತಂತಿಬಲ್ಬೊಂದನ್ನು ದಾರಿಯಲ್ಲಿ ಸೇರಿಸಿ ಪರೀಕ್ಷಿಸಬೇಕು. ಬಲ್ಬು ಒಮ್ಮೆ ಹೊಳೆದು ಮಂಕಾದರೆ ಭರವಸೆಯುಂಟು. ಪೂರ್ತಿ ಬೆಳಗುತ್ತಲೇ ಇದ್ದರೆ ಕಂಡೆನ್ಸರೋ ಸುತ್ತೋ ಶಾರ್ಟ್ ಆಗಿದೆ. ಕಂಡೆನ್ಸರಾದರೆ ಸಣ್ಣ ಖರ್ಚು. ಅದನ್ನು ಬದಲಿಸದೆ ನಡೆಸಿ ಟ್ರಾನ್ಸ್‌ಫಾರ್ಮರನ್ನೇ ಸುಟ್ಟವರು ಬಹಳ.

ಸುಟ್ಟರೂ ತಗಡನ್ನು ಗುಜರಿಗೆ ಹಾಕಬೇಡಿ; ಮೋಟಾರು ಸುತ್ತುವ ಕಸಬಿನವರು ಇದನ್ನೂ ಸುತ್ತಬಲ್ಲರು. ಹಳೆಯ ತಂತಿ ಬಿಚ್ಚುವಾಗ ಸುತ್ತುಗಳನ್ನು ಎಣಿಸಬೇಕು, ತಂತಿಯ ದಪ್ಪ ಅಳೆಯಬೇಕು, ಪದರಗಳ ನಡುವೆ ಕಾಗದವಿಟ್ಟು ವಾರ್ನಿಷ್ ಕುಡಿಸಿ ಕಾಯಿಸಬೇಕು. ಆ ಲೆಕ್ಕವನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಯೊಳಗೇ ಅಂಟಿಸಿದರೆ ಮುಂದಿನವನಿಗೆ ಎಣಿಸುವ ಕೆಲಸ ಉಳಿಯುತ್ತದೆ.